ಬೆಕ್ಕಿಗೆ ಯಾವ ಧರ್ಮ?

ಶಾಲೆಯ ವಾರ್ಷಿಕ ಸಮಾರಂಭಗಳಲ್ಲಿ, ಮಕ್ಕಳ ದಿನಾಚರಣೆಯ ಭಾಷಣಗಳಲ್ಲಿ, ನಿವೃತ್ತರ ಬೀಳ್ಕೊಡುಗೆಗಳಲ್ಲಿ ನಾನು ಅತಿ ಹೆಚ್ಚು ಕೇಳಿರುವ ಮಾತು ಒಂದಿದೆ: ಮಕ್ಕಳಿಗೆ ಜಾತಿ ಧರ್ಮ ಗೊತ್ತಿಲ್ಲ, ಅವರು ದೇವರಿದ್ದ ಹಾಗೆ. ಹೇಳುವವರ ಸದಾಶಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಹಾವೇರಿ ಸೀಮೆಯ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ, ಅದರಲ್ಲೂ ಹೆಚ್ಚಿನ ಕಾಲ ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ ಪಾಠ ಮಾಡಿಕೊಂಡು ಬಂದಿರುವ ನನಗೆ ಆ ಮಾತು ಎಂದೂ ನಿಜವೆನ್ನಿಸಿಲ್ಲ. ಆರು ವರ್ಷದ ಮಗುವಿಗೆ ಈ ವಿಷಯದಲ್ಲಿ ಬಹಳಷ್ಟು ಗೊತ್ತಿರುತ್ತದೆ. ನಮಗೆ ಗೊತ್ತಿರುವ ಬಗೆಯಲ್ಲಿ ಗೊತ್ತಿರುವುದಿಲ್ಲ, ಅಷ್ಟೆ. ಮಕ್ಕಳಿಗೆ ಏನೂ ಗೊತ್ತಿಲ್ಲವೆಂದು ನಂಬುವುದರಲ್ಲಿ ದೊಡ್ಡವರಿಗೆ ಒಂದು ಅನುಕೂಲವಿದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಗೊತ್ತಿಲ್ಲದವರೊಡನೆ ಆ ವಿಷಯವನ್ನು ಮಾತಾಡಬೇಕಾದ ಹೊಣೆ ಯಾರಿಗೂ ಇರುವುದಿಲ್ಲ.

ಧರ್ಮದ ಗುರುತು ಮಗುವಿನಲ್ಲಿ ಮೂಡುವ ಕ್ರಮವನ್ನು ನಾವು ಸಾಮಾನ್ಯವಾಗಿ ತಲೆಕೆಳಗಾಗಿ ಊಹಿಸಿಕೊಳ್ಳುತ್ತೇವೆ. ಮೊದಲು ಮಗುವಿಗೆ ದೇವರು, ನಂಬಿಕೆ, ಆಚರಣೆಗಳ ಅರ್ಥ ತಿಳಿಯುತ್ತದೆ, ಆಮೇಲೆ ತಾನು ಇಂಥವರ ಪೈಕಿ ಎಂಬ ಹೆಸರು ಅಂಟುತ್ತದೆ, ಕೊನೆಗೆ ತನ್ನವರು ಹೊರಗಿನವರು ಎಂಬ ಭಾವ ಬೆಳೆಯುತ್ತದೆ ಎಂಬುದು ನಮ್ಮ ಎಣಿಕೆ. ನಾನು ಕಂಡದ್ದು, ಈ ವಿಷಯದಲ್ಲಿ ಕೆಲಸ ಮಾಡಿದವರೂ ಕಂಡದ್ದು, ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಭಾವ ಮೊದಲು ಬರುತ್ತದೆ, ಹೆಸರು ಅದರ ಬೆನ್ನಿಗೆ ಬರುತ್ತದೆ, ಅರ್ಥ ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ಆದರೂ ಅರ್ಥದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಆ ಬಗ್ಗೆ ನಡೆದಿರುವ ಕೆಲಸ ಹಳೆಯದು, ಸ್ಪಷ್ಟವಾದುದು, ಓದಲು ಸೊಗಸಾದುದು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ ಅವರು 1961, 1962 ಮತ್ತು 1963ರಲ್ಲಿ ಪ್ರಕಟಿಸಿದ ಮೂರು ಅಧ್ಯಯನಗಳಲ್ಲಿ ಯೆಹೂದಿ, ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಮನೆಗಳ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಸರಳವಾಗಿ ಕಾಣುವ ಕೆಲವು ಪ್ರಶ್ನೆಗಳನ್ನು ಕೇಳಿದರು. ನಿನ್ನ ಮನೆಯವರು ಯೆಹೂದಿಗಳೇ? ನೀನು? ಜಗತ್ತಿನ ಎಲ್ಲ ಹುಡುಗ ಹುಡುಗಿಯರೂ ಯೆಹೂದಿಗಳೇ? ಒಬ್ಬರು ಯೆಹೂದಿ ಎಂದು ಹೇಗೆ ಗುರುತಿಸುತ್ತೀ? ನಾಯಿ ಅಥವಾ ಬೆಕ್ಕು ಯೆಹೂದಿ ಆಗಬಹುದೇ? ನೀನು ಅಮೆರಿಕನ್ ಮತ್ತು ಯೆಹೂದಿ ಎರಡೂ ಏಕಕಾಲಕ್ಕೆ ಆಗಿರಬಹುದೇ? ಉತ್ತರಗಳು ಮೂರು ಹಂತಗಳಲ್ಲಿ ಬಿದ್ದವು. ಐದರಿಂದ ಏಳು ವರ್ಷದವರಿಗೆ ಅದೊಂದು ಹೆಸರು ಮಾತ್ರ. ಅದಕ್ಕೆ ಏನೋ ಒಂದು ಸಂಬಂಧ ಇದೆಯೆಂದು ಗೊತ್ತು, ಏನೆಂದು ಗೊತ್ತಿಲ್ಲ. ಬೇರೆ ಬೇರೆ ಪಂಗಡದವರಿಗೆ ಇರುವ ವ್ಯತ್ಯಾಸವನ್ನು ಅವರು ಕೂದಲಿನ ಬಣ್ಣದ ಹಾಗೆ ಏನಾದರೊಂದರಿಂದ ವಿವರಿಸಿಬಿಡುತ್ತಾರೆ. ಏಳರಿಂದ ಒಂಬತ್ತರ ಹೊತ್ತಿಗೆ ಅದು ಕಣ್ಣಿಗೆ ಕಾಣುವ ಕೆಲಸವಾಗುತ್ತದೆ: ಎಲ್ಲಿಗೆ ಹೋಗುತ್ತಾರೆ, ಏನು ತಿನ್ನುತ್ತಾರೆ, ಯಾವ ಮನೆಯಲ್ಲಿ ಹುಟ್ಟಿದ್ದಾರೆ. ಹತ್ತು ಹನ್ನೆರಡರ ನಂತರವೇ ನಂಬಿಕೆ ಎಂಬುದು ಉತ್ತರದೊಳಗೆ ಕಾಲಿಡುವುದು. ನಾಯಿಗೆ ಯಾವ ಧರ್ಮವೂ ಇಲ್ಲ, ಏಕೆಂದರೆ ಅದಕ್ಕೆ ಅಂಥ ಬುದ್ಧಿಯಿಲ್ಲ ಎಂಬ ಉತ್ತರ ಬರುವುದು ಈ ವಯಸ್ಸಿನಲ್ಲಿ.

ಎಲ್ಕಿಂಡರ ಪ್ರಶ್ನೆಗಳನ್ನು ನಾನು ನನ್ನ ಮಕ್ಕಳಿಗೆ ಪರೀಕ್ಷೆಯ ಹಾಗೆ ಕೇಳಿಲ್ಲ, ಕೇಳುವುದು ಸರಿಯೂ ಅಲ್ಲ. ಬೆಕ್ಕಿನ ಪ್ರಶ್ನೆಯನ್ನು ಮಾತ್ರ, ಬಿಸಿಯೂಟ ಮುಗಿದು ಎಲ್ಲರಿಗೂ ಜೊಂಪು ಹತ್ತುವ ಹೊತ್ತಿನಲ್ಲಿ, ಅಡುಗೆ ಕೋಣೆಯ ಸುತ್ತ ಸುಳಿದಾಡುತ್ತಿದ್ದ ಬೆಕ್ಕನ್ನೇ ತೋರಿಸಿ ಕೇಳಿದ್ದುಂಟು. ಒಬ್ಬ ಹುಡುಗ ಕ್ಷಣವೂ ತಡಮಾಡದೆ, “ಅದು ಇಲಿ ತಿಂತೈತ್ರಿ ಅಕ್ಕೋರ, ಲಿಂಗಾಯತ ಹ್ಯಾಂಗಾಗ್ತೈತ್ರಿ?” ಎಂದ. ಅವನ ಪಕ್ಕದವಳು, ಮಸೂತಿಯ ಹತ್ತಿರದ ಮನೆಯ ಬೆಕ್ಕು ಮಾತ್ರ ಸಾಬರದೇ, ಅದಕ್ಕೆ ಉರ್ದು ತಿಳಿಯುತ್ತದೆ ಎಂದು ಸೇರಿಸಿದಳು. ಇಬ್ಬರೂ ಎರಡನೇ ತರಗತಿಯವರು. ಅಮೆರಿಕದ ಮಕ್ಕಳಿಗೂ ನಮ್ಮವರಿಗೂ ನಡುವೆ ಅರವತ್ತು ವರ್ಷಗಳ ಅಂತರವಿದ್ದರೂ ತರ್ಕದ ಜಾಡು ಒಂದೇ. ಊಟ, ಭಾಷೆ, ಮನೆ: ಕಾಣುವುದು, ಕೇಳುವುದು, ಮುಟ್ಟಬಹುದಾದುದು.

ಒಂದು ಮಾತು ಇಲ್ಲಿ ಹೇಳದೆ ಇರಲಾರೆ. ಮನಶ್ಶಾಸ್ತ್ರಜ್ಞರು ಏಳರ ಆಸುಪಾಸಿನಲ್ಲಿ ಗುರುತಿಸುವ ಈ ತಿರುವನ್ನು ಧರ್ಮಗಳು ಅವರಿಗಿಂತ ಬಹಳ ಮೊದಲೇ ಗಮನಿಸಿದ್ದವು ಎಂದು ತೋರುತ್ತದೆ. ಗರ್ಭಾಷ್ಟಮದಲ್ಲಿ, ಅಂದರೆ ಗರ್ಭದಿಂದ ಎಣಿಸಿ ಎಂಟನೇ ವರ್ಷದಲ್ಲಿ, ಮುಂಜಿ ಎಂದರೆ ಹುಟ್ಟಿದ ಮೇಲೆ ಲೆಕ್ಕ ಹಾಕಿದರೆ ಏಳು ತುಂಬುವ ಸುಮಾರು. ಏಳು ವರ್ಷದ ಮಕ್ಕಳಿಗೆ ನಮಾಜು ಮಾಡಲು ಹೇಳಿರಿ ಎಂಬುದು ಹದೀಸಿನ ಮಾತು. ಮಕ್ಕಳಿಗೆ ಪರಮಪ್ರಸಾದ ಕೊಡುವ ವಯಸ್ಸು ಏಳರ ಹತ್ತಿರದ ವಿವೇಕದ ವಯಸ್ಸು ಎಂದು 1910ರಲ್ಲಿ ಪೋಪ್ ಹತ್ತನೇ ಪಯಸ್ ಆದೇಶ ಹೊರಡಿಸಿದರು. ಮಗು ಹುಟ್ಟುತ್ತಲೇ ಲಿಂಗ ಕಟ್ಟುವ ನಮ್ಮ ಲಿಂಗಾಯತ ಮನೆಗಳ ಕ್ರಮ, ಕೂಸಿಗೆ ಕೊಡುವ ದೀಕ್ಷಾಸ್ನಾನ, ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನಕ್ಕೆ ಮಾಡುವ ಬಿಸ್ಮಿಲ್ಲಾ ಶಾಸ್ತ್ರ ಇವೆಲ್ಲ ಬೇರೆ. ಅವು ಮಗುವನ್ನು ಸಮುದಾಯಕ್ಕೆ ಸೇರಿಸಿಕೊಳ್ಳುವ ಕ್ರಿಯೆಗಳು. ಮಗುವೇ ಸ್ವತಃ ಏನನ್ನಾದರೂ ಪಾಲಿಸಲಿ ಎಂದು ಕೇಳುವುದು ಮಾತ್ರ ಏಳಕ್ಕೆ. ಪಾಲಿಸುವುದು ಎಂದರೆ ಮಾಡುವುದು; ಮಾಡುವುದೇ ಧರ್ಮ ಎಂದು ಮಗು ಅರ್ಥಮಾಡಿಕೊಳ್ಳುವುದೂ ಅದೇ ವಯಸ್ಸಿನಲ್ಲಿ.

ಹಾಗೆ ಕಾಣುವ ಗುರುತುಗಳಿಂದ ಜನರನ್ನು ವಿಂಗಡಿಸಲು ಹೊರಡುವ ಮಗುವಿಗೆ ಉತ್ತರ ಕರ್ನಾಟಕದ ಹಳ್ಳಿ ಸುಲಭದ ಜಾಗವಲ್ಲ. ನಮ್ಮ ಕಡೆ ಲಿಂಗ ಕಟ್ಟಿಕೊಂಡ ಮನೆಯಲ್ಲಿ ಫಕೀರಪ್ಪ ಎಂಬ ಅಜ್ಜ ಇರುತ್ತಾನೆ, ಹುಸೇನಪ್ಪ ಎಂಬ ಮಾವ ಇರುತ್ತಾನೆ. ಹತ್ತಿ ಹಿಂಜುವ ಕಸುಬಿನ ಮುಸ್ಲಿಮರಾದ ಪಿಂಜಾರರ ಎಷ್ಟೋ ಮನೆಗಳಲ್ಲಿ ಮನೆಮಾತು ಕನ್ನಡವೇ. ಒಂದು ವರ್ಷ ಅಂಥ ಮನೆಯ ಹುಡುಗಿಯೊಬ್ಬಳು ಒಂದನೇ ತರಗತಿಗೆ ಬಂದಾಗ, ಅವಳು ರಂಜಾನಿನ ಮರುದಿನ ಶಾವಿಗೆಯ ಪಾಯಸವಾದ ಸುರಕುಂಬ ತಂದಿದ್ದನ್ನು ನೋಡಿ ಉಳಿದವರು ಗಲಿಬಿಲಿಗೊಂಡರು. ಉರ್ದು ಬಾರದವಳು ಸಾಬರಾಕಿ ಹೇಗಾಗುತ್ತಾಳೆ ಎಂಬುದು ಅವರ ತಕರಾರು. ಉರ್ದು ಮಾತಾಡುವ ಮನೆಯ ಹುಡುಗನೇ ಎದ್ದು ನಿಂತು, “ಆಕಿ ನಮ್ಮಾಕಿ ಅಲ್ರಿ” ಎಂದು ತೀರ್ಪು ಕೊಟ್ಟ. ಅವನಿಗೆ ಅವಳ ಮೇಲೆ ದ್ವೇಷವೇನೂ ಇರಲಿಲ್ಲ. ಅವನ ಪಟ್ಟಿಯಲ್ಲಿ ಅವಳು ಕೂರುತ್ತಿರಲಿಲ್ಲ, ಅಷ್ಟೆ.

ಮೊಹರಂ ಈ ಗೊಂದಲವನ್ನು ಇನ್ನಷ್ಟು ಚೆಂದ ಮಾಡುತ್ತದೆ. ಒಂದೂ ಮುಸ್ಲಿಂ ಮನೆಯಿಲ್ಲದ ಊರುಗಳಲ್ಲಿ ಕೂಡ ಅಲಾಯಿ ದೇವರು ಕೂರುತ್ತವೆ, ಬೆಂಕಿಯ ಕುಣಿ ತೋಡುತ್ತಾರೆ, ಕೈಯಾಕಾರದ ಪಂಜಾ ಹೊರುತ್ತಾರೆ, ಮನೆಮನೆಯಲ್ಲಿ ಚೋಂಗೆ ಎಂಬ ಸಿಹಿ ರೊಟ್ಟಿ ಮಾಡುತ್ತಾರೆ. ಹರಕೆ ಹೊತ್ತ ಮನೆಗಳಲ್ಲಿ ಮಕ್ಕಳನ್ನು ಫಕೀರರನ್ನಾಗಿ ಮಾಡಿಸಿ ಕೈಗೆ ಹರಕೆಯ ದಾರವಾದ ಲಾಡಿ ಕಟ್ಟಿಸುತ್ತಾರೆ. ಸಕ್ಕರೆ ಓದಿಸಿಕೊಂಡು ಬರಲು ಮಕ್ಕಳನ್ನೇ ಕಳಿಸುತ್ತಾರೆ. ಹತ್ತನೇ ದಿನ ದೇವರು ಹೊಳೆಗೆ ಹೋದ ಮೇಲೆ ಶಾಲೆಗೆ ಬರುವ ಮಕ್ಕಳ ಕೈಯಲ್ಲಿ ಲಾಡಿ, ಹಣೆಯಲ್ಲಿ ವಿಭೂತಿ ಎರಡೂ ಇರುತ್ತವೆ. ಅಂಥ ಮಗುವಿಗೆ ಮೊಹರಂ ಯಾರ ಹಬ್ಬ ಎಂದು ಕೇಳಿದರೆ ಊರ ಹಬ್ಬ ಎನ್ನುತ್ತದೆ. ಇದನ್ನು ಭಾವೈಕ್ಯ ಎಂದು ಕರೆದು ಫೋಟೋ ಹಾಕುವುದು ಪತ್ರಿಕೆಗಳ ಕೆಲಸ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಬೇರೆ: ಕಾಣುವ ಗುರುತುಗಳು ಒಂದರ ಮೇಲೊಂದು ಬಿದ್ದು ಮಗುವಿನ ಪಟ್ಟಿಯನ್ನು ಕೆಡಿಸುತ್ತವೆ, ಮತ್ತು ಹಾಗೆ ಕೆಟ್ಟ ಪಟ್ಟಿಯಿಂದ ಆ ವಯಸ್ಸಿನ ಮಗುವಿಗೆ ನಷ್ಟವಿಲ್ಲ. ಈಚೆಗೆ ಕೆಲವು ಊರುಗಳಲ್ಲಿ, ಇದು ಅವರ ಹಬ್ಬ ನೀನೇಕೆ ಹೋಗುತ್ತೀ ಎಂದು ಮಕ್ಕಳಿಗೆ ಹೇಳುವವರು ಹುಟ್ಟಿಕೊಂಡಿದ್ದಾರೆ; ಎರಡೂ ಕಡೆ ಹುಟ್ಟಿಕೊಂಡಿದ್ದಾರೆ. ಅವರು ಪಟ್ಟಿಯನ್ನು ಸರಿಮಾಡಿಕೊಡುತ್ತಿದ್ದಾರೆ ಎನ್ನಬೇಕು.

ಪಟ್ಟಿಯನ್ನು ಸರಿಮಾಡಿಕೊಡುವ ಕೆಲಸವನ್ನು ಶಾಲೆಯೂ ಮಾಡುತ್ತದೆ, ಬಹಳ ಸಲ ಒಳ್ಳೆಯ ಉದ್ದೇಶದಿಂದಲೇ. ಸರಕಾರದ ಹಣದಿಂದ ಪೂರ್ತಿಯಾಗಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ, ಆದರೆ ಧರ್ಮದ ಹೆಸರನ್ನು ಮಗು ಕಲಿಯಲು ಬೋಧನೆಯೇ ಬೇಕಾಗಿಲ್ಲ. ದಾಖಲಾತಿ ರಿಜಿಸ್ಟರಿನಲ್ಲಿ, ವರ್ಗಾವಣೆ ಪತ್ರದಲ್ಲಿ ಧರ್ಮ ಮತ್ತು ಜಾತಿಯ ಕಾಲಂಗಳಿವೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕಾಲ ಬಂದರೆ ನಾಡಕಚೇರಿಯ ಜಾತಿ ಆದಾಯ ಪ್ರಮಾಣಪತ್ರಕ್ಕಾಗಿ ಮಕ್ಕಳನ್ನು ಗುಂಪು ಗುಂಪಾಗಿ ಕರೆಯಬೇಕಾಗುತ್ತದೆ. ನೀವು ಯಾವ ಮಂದಿ ಎಂದು ಸಹಪಾಠಿ ಕೇಳಿದ್ದಕ್ಕೆ ನಾಲ್ಕನೇ ತರಗತಿಯ ಹುಡುಗನೊಬ್ಬ, “ನಾವು ತ್ರೀ-ಬಿ” ಎಂದು ಗಂಭೀರವಾಗಿ ಉತ್ತರ ಕೊಟ್ಟದ್ದು ನೆನಪಿದೆ. ಸರಕಾರಿ ಮೀಸಲಾತಿಯ ಪ್ರವರ್ಗವೇ ಅವನಿಗೆ ಕುಲವೂ ಧರ್ಮವೂ ಆಗಿತ್ತು. ನಕ್ಕು ಸುಮ್ಮನಾಗಬಹುದು, ಆದರೆ ಆ ಹುಡುಗನ ತಿಳಿವಳಿಕೆಯಲ್ಲಿ ತಪ್ಪೇನಿದೆ? ಅವನ ಪಾಲಿಗೆ ಅದು ಒಂದು ಕಾಗದದ ಮೇಲೆ ಬರೆದಿದ್ದ, ತಂದೆ ಜೋಪಾನವಾಗಿಟ್ಟ, ಕೇಳಿದಾಗ ತೋರಿಸಬೇಕಾದ ಗುರುತು.

ತತ್ತಿಯ ವಿಷಯ ಇನ್ನೂ ಸೂಕ್ಷ್ಮ. ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದನ್ನು 2021ರ ಡಿಸೆಂಬರಿನಲ್ಲಿ ರಾಜ್ಯದ ಕೆಲವು ಉತ್ತರದ ಜಿಲ್ಲೆಗಳಲ್ಲಿ ಆರಂಭಿಸಿ ಆಮೇಲೆ ಎಲ್ಲ ಕಡೆಗೂ ವಿಸ್ತರಿಸಿದರು. ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಎಂದಿತ್ತು. ಮಕ್ಕಳ ಪೌಷ್ಟಿಕತೆಯ ದೃಷ್ಟಿಯಿಂದ ಇದು ಆಗಲೇಬೇಕಾದ ಕೆಲಸವಾಗಿತ್ತು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಊಟದ ಸಾಲಿನಲ್ಲಿ ಯಾರ ತಟ್ಟೆಗೆ ತತ್ತಿ, ಯಾರ ತಟ್ಟೆಗೆ ಬಾಳೆಹಣ್ಣು ಎಂಬುದು ವಾರ ವಾರವೂ ಎಲ್ಲರ ಕಣ್ಣೆದುರು ನಡೆಯುವ ವಿಂಗಡಣೆ. ಅದರಿಂದ ಮಕ್ಕಳು ಕಲಿತದ್ದು ನಾವು ಹೆದರಿದಂತೆ ಆಗಲಿಲ್ಲ. ಬಾಳೆಹಣ್ಣಿನ ಮನೆಯ ಮಕ್ಕಳಲ್ಲಿ ಕೆಲವರು ತತ್ತಿಯನ್ನೇ ಕೈಚಾಚಿ ತೆಗೆದುಕೊಂಡು, “ಮನ್ಯಾಗ ಹೇಳಬ್ಯಾಡ್ರಿ ಅಕ್ಕೋರ” ಎಂದರು. ಮನೆಯ ನಿಯಮ ಮನೆಯಲ್ಲಿ, ಶಾಲೆಯ ನಿಯಮ ಶಾಲೆಯಲ್ಲಿ ಎಂಬ ಈ ಲೆಕ್ಕ ಎಂಟು ವರ್ಷದ ಮಗುವಿಗೆ ಬಂದಿದೆ ಎಂದರೆ, ಅದು ಧರ್ಮವನ್ನು ಜಾಗಕ್ಕೆ ಅಂಟಿದ ಕೆಲಸವೆಂದು ತಿಳಿದಿದೆ ಎಂದು ಅರ್ಥ.

ಇನ್ನು, ಎರಡೂ ಏಕಕಾಲಕ್ಕೆ ಆಗಬಹುದೇ ಎಂಬ ಎಲ್ಕಿಂಡರ ಪ್ರಶ್ನೆ. ಚಿಕ್ಕ ಮಕ್ಕಳು ಅದಕ್ಕೆ ಆಗದು ಎಂದಿದ್ದರು. ಎಲ್ಕಿಂಡರಿಗಿಂತ ಮೊದಲೇ, 1951ರಲ್ಲಿ, ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಮತ್ತು ಆನ್‌ಮರಿ ವೇಯ್ಲ್ ಅಲ್ಲಿನ ಜಿನೀವಾ ನಗರದ ಮಕ್ಕಳಲ್ಲಿ ಇದನ್ನೇ ಕಂಡಿದ್ದರು: ನೀನು ಜಿನೀವಾದವನು ಮತ್ತು ಸ್ವಿಸ್ ಎರಡೂ ಹೌದಲ್ಲವೇ ಎಂದರೆ ಚಿಕ್ಕ ಮಗು, ನಾನು ಆಗಲೇ ಜಿನೀವಾದವನು, ಇನ್ನೊಂದು ಹೇಗಾಗಲಿ ಎನ್ನುತ್ತಿತ್ತು. ಒಂದು ಗುಂಪು ಇನ್ನೊಂದು ದೊಡ್ಡ ಗುಂಪಿನೊಳಗೆ ಇರಬಹುದು ಎಂಬುದು ಆ ವಯಸ್ಸಿಗೆ ಎಟುಕುವುದಿಲ್ಲ; ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ, ಹೂವು ಮತ್ತು ಗುಲಾಬಿಯ ವಿಷಯದಲ್ಲೂ ಅಷ್ಟೆ. ನನ್ನ ತರಗತಿಯಲ್ಲಿ ಈ ಪ್ರಶ್ನೆ ಶಿಶುನಾಳದ ಶರೀಫರ ನೆಪದಲ್ಲಿ ಬರುತ್ತದೆ. ಅವರು ನಮ್ಮ ಜಿಲ್ಲೆಯವರೇ, ಗುರು ಗೋವಿಂದ ಭಟ್ಟರು ಅವರಿಗೆ ಜನಿವಾರ ಹಾಕಿದ ಕತೆ ನಮ್ಮ ಕಡೆಯ ಮಕ್ಕಳಿಗೆ ಮನೆಯಲ್ಲೇ ಗೊತ್ತು. ಹೆಸರು ಶರೀಫ ಎಂದರೆ ಸಾಬರು, ಜನಿವಾರ ಇದ್ದರೆ ಬ್ರಾಹ್ಮಣರು, ಎರಡರಲ್ಲಿ ಯಾವುದು ಖರೆ ಎಂದು ಮೂರನೇ ತರಗತಿಯವರು ಪಟ್ಟು ಹಿಡಿಯುತ್ತಾರೆ. ಎರಡೂ ಖರೆ ಎಂದರೆ ಅವರಿಗೆ ಸಮಾಧಾನವಿಲ್ಲ. ಅಕ್ಕೋರಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಾರೆ. ಐದನೇ ತರಗತಿಯಲ್ಲಿ ಅದೇ ಮಕ್ಕಳಿಗೆ ಆ ಉತ್ತರದಲ್ಲಿ ತೊಡಕೇನೂ ಕಾಣುವುದಿಲ್ಲ.

ಅದೇ ತೊಡಕು ನೋವಿನದ್ದೂ ಆಗಬಹುದು. ಭಾರತ ಪಾಕಿಸ್ತಾನದ ಕ್ರಿಕೆಟ್ ಪಂದ್ಯದ ಮರುದಿನ ಮೂರನೇ ತರಗತಿಯ ಹುಡುಗನೊಬ್ಬ ನನ್ನ ಮೇಜಿನ ಬಳಿ ಬಂದು, “ಅಕ್ಕೋರ, ಪಾಕಿಸ್ತಾನ ನಮ್ಮದೇನ್ರಿ?” ಎಂದು ಕೇಳಿದ. ದೊಡ್ಡ ಹುಡುಗರು ಮೈದಾನದಲ್ಲಿ, ನಿಮ್ಮ ಟೀಮ್ ಸೋತಿತು ಎಂದಿದ್ದರು. ಅವನು ಹಿಂದಿನ ರಾತ್ರಿ ಮನೆಯವರೊಡನೆ ಭಾರತ ಗೆಲ್ಲಲಿ ಎಂದು ಕೂಗಿ ಮಲಗಿದವನು. ಒಬ್ಬ ಎರಡು ಆಗಲಾರ ಎಂಬ ವಯಸ್ಸಿನಲ್ಲಿರುವ ಮಗುವಿಗೆ, ನೀನು ಇದಾದ್ದರಿಂದ ಅದಲ್ಲ ಎಂದು ಯಾರಾದರೂ ಹೇಳಿದರೆ, ಅದನ್ನು ನಂಬುವುದು ಮಗುವಿನ ಪಾಲಿಗೆ ಸಹಜವಾದ ತರ್ಕ. ಹೇಳಿದ ಏಳನೇ ತರಗತಿಯ ಹುಡುಗರಿಗೆ ಆ ವಿನಾಯಿತಿ ಇಲ್ಲ. ಅವರ ಬುದ್ಧಿ ಆ ಹಂತವನ್ನು ದಾಟಿರುತ್ತದೆ. ನಾನು ಆ ಚಿಕ್ಕ ಹುಡುಗನಿಗೆ ತರ್ಕವನ್ನು ವಿವರಿಸಲು ಹೋಗಲಿಲ್ಲ. ಪಾಕಿಸ್ತಾನ ನಿನ್ನದಲ್ಲ, ಈ ಊರು ನಿನ್ನದು, ಈ ದೇಶ ನಿನ್ನದು, ನೀನು ಮುಸಲ್ಮಾನನೂ ಹೌದು, ಹಾಗೆ ಹೇಳಿದವರದು ತಪ್ಪು ಎಂದು ನೇರವಾಗಿ ಹೇಳಿ, ಆ ಹುಡುಗರನ್ನು ಕರೆಸಿದೆ. ಹಾಗೆಂದು ದೊಡ್ಡವರೆಲ್ಲ ಈ ಹಂತವನ್ನು ಪೂರ್ತಿ ದಾಟಿದ್ದಾರೆಂದೂ ಹೇಳುವಂತಿಲ್ಲ. 2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸಿನ ಸಮಯದಲ್ಲಿ, ನಾವು ಹಿಂದೂಗಳೋ ಲಿಂಗಾಯತರೋ ಎಂದು ಕೇಳಿದ ಮಕ್ಕಳಿಗೆ ಒಂದೇ ಮನೆಯಲ್ಲಿ ಅಜ್ಜ ಒಂದು, ಅಪ್ಪ ಒಂದು ಉತ್ತರ ಕೊಟ್ಟದ್ದನ್ನು ನಾನು ಬಲ್ಲೆ.

ಇಷ್ಟು ಹೊತ್ತು ಹೇಳಿದ್ದು ತಿಳಿವಳಿಕೆಯ ಮಾತು. ಎಲ್ಕಿಂಡರ ಕೆಲಸದ ಮಿತಿಯೂ ಅಲ್ಲಿಯೇ ಇದೆ: ಅವರು ಮಕ್ಕಳಿಗೆ ಏನು ತಿಳಿದಿದೆ ಎಂದು ಕೇಳಿದರು, ಏನು ಅನ್ನಿಸುತ್ತದೆ ಎಂದು ಕೇಳಲಿಲ್ಲ. ಉತ್ತರ ಐರ್ಲೆಂಡಿನಲ್ಲಿ ಪಾಲ್ ಕಾನಲಿ ಮತ್ತು ಅವರ ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಮೂರರಿಂದ ಆರು ವರ್ಷದ ಮಕ್ಕಳನ್ನು ಕುರಿತದ್ದು. ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎಂಬ ಪದಗಳು ಮೂರು ವರ್ಷದ ಮಕ್ಕಳಿಗೆ ಬಹುಮಟ್ಟಿಗೆ ಗೊತ್ತಿರಲಿಲ್ಲ, ಆದರೆ ಯಾವ ಬಾವುಟ ಚೆಂದ, ಯಾವ ಮೆರವಣಿಗೆ ಚೆಂದ ಎಂಬಲ್ಲಿ ಎರಡು ಕಡೆಯ ಮನೆಗಳ ಮಕ್ಕಳು ಆಗಲೇ ಬೇರೆಯಾಗತೊಡಗಿದ್ದರು. ಆರರ ಹೊತ್ತಿಗೆ ಕೆಲವರ ಬಾಯಲ್ಲಿ ಇನ್ನೊಂದು ಕಡೆಯವರ ಬಗ್ಗೆ ಕಟುಮಾತು ಬಂದಿತ್ತು. ನಮ್ಮಲ್ಲಿ ಲತಿಕಾ ಗುಪ್ತಾ ಅವರು ದೆಹಲಿಯ ದರಿಯಾಗಂಜಿನ ನಾಲ್ಕರಿಂದ ಎಂಟು ವರ್ಷದ ಹಿಂದೂ ಮತ್ತು ಮುಸ್ಲಿಂ ಮಕ್ಕಳೊಡನೆ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವೂ ಧರ್ಮದ ಗುರುತು ಇಷ್ಟು ಎಳೆಯ ವಯಸ್ಸಿನಲ್ಲೇ ರೂಪುಗೊಳ್ಳುವುದನ್ನು ತೋರಿಸಿತು. ಅರ್ಥ ತಿಳಿಯುವುದಕ್ಕೆ ಹತ್ತು ವರ್ಷ ಬೇಕು, ಒಲವು ಮತ್ತು ಹಿಂಜರಿಕೆಗೆ ಮೂರು ನಾಲ್ಕು ಸಾಕು ಎಂದರೆ, ನಡುವಿನ ಅಷ್ಟೂ ಕಾಲ ಮಗು ಅರ್ಥವಿಲ್ಲದ ಭಾವವನ್ನು ಹೊತ್ತುಕೊಂಡು ತಿರುಗುತ್ತದೆ.

ಅದು ಎಲ್ಲಿಂದ ಬರುತ್ತದೆ? ಮಗುವಿಗೆ ಯಾರೂ ದ್ವೇಷವನ್ನು ಪಾಠವಾಗಿ ಹೇಳಿಕೊಡುವುದಿಲ್ಲ. ನಮ್ಮ ಊರುಗಳಲ್ಲಂತೂ ನಾನು ಕಂಡಿಲ್ಲ. ದೊಡ್ಡವರ ಮೈ ಹೇಳಿಕೊಡುತ್ತದೆ. ಒಂದು ಓಣಿ ದಾಟುವಾಗ ಕೈಹಿಡಿತ ಬಿಗಿಯಾಗುವುದು, ಯಾರೋ ಬಂದಾಗ ಮಾತಿನ ದನಿ ಇಳಿಯುವುದು, ಬಂದವರಿಗೆ ಕೊಟ್ಟ ಲೋಟವನ್ನು ಅಜ್ಜಿ ಬೇರೆಯಾಗಿ ಇಡುವುದು. ಸುರಕುಂಬ ತಂದ ಆ ಹುಡುಗಿಯ ಡಬ್ಬಿಯಿಂದ ಬಹುತೇಕ ಮಕ್ಕಳು ತಿಂದರು. ಒಬ್ಬಳು ಮಾತ್ರ, “ನಮಗ ಅದು ಸೇರೂದಿಲ್ರಿ” ಎಂದು ದೂರ ಸರಿದಳು. ಅವಳು ಅದನ್ನು ಎಂದೂ ತಿಂದಿರಲಿಲ್ಲ. ಅವಳ ತಾಯಿ ಎಲ್ಲೋ ಯಾರಿಗೋ ನೋವಾಗದಿರಲೆಂದು ಹೇಳಿದ ಸೌಜನ್ಯದ ನೆಪ, ಮಗುವಿನಲ್ಲಿ ದೇಹದ ಗುಣವಾಗಿ ಹೋಗಿತ್ತು. ಹಾಲು, ಶಾವಿಗೆ, ಸಕ್ಕರೆ, ಒಣ ಕೊಬ್ಬರಿ ಎಂದು ಅದರಲ್ಲಿ ಏನೇನಿದೆ ಎಂಬುದನ್ನು ನಾನು ಹೇಳಿಸಿದೆ, ತಿನ್ನಬೇಕೆಂದು ಒತ್ತಾಯ ಮಾಡಲಿಲ್ಲ.

ಭಾವದ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ಗುಜರಾತಿನ ಮಕ್ಕಳ ಬಗ್ಗೆ ಮನಶ್ಶಾಸ್ತ್ರಜ್ಞರಾದ ಡನಮ್, ಮಹೇಶ್ ಶ್ರೀನಿವಾಸನ್ ಮತ್ತು ಇತರರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ಮಕ್ಕಳು ಬಾಯಿಬಿಟ್ಟು ಹೇಳುವುದನ್ನು ಮಾತ್ರವಲ್ಲದೆ ಒಳಗಿನ ಒಲವನ್ನೂ ಅಳೆಯುವ ಪರೀಕ್ಷೆಗಳನ್ನು ಅವರು ಬಳಸಿದ್ದರು. ಜಾತಿಯ ವಿಷಯದಲ್ಲಿ 'ಮೇಲಿನ' ಜಾತಿಯ ಮಕ್ಕಳೂ 'ಕೆಳಗಿನ' ಜಾತಿಯ ಮಕ್ಕಳೂ ಇಬ್ಬರೂ 'ಮೇಲಿನ' ಜಾತಿಯ ಕಡೆಗೇ ವಾಲಿದರು. ಧರ್ಮದ ವಿಷಯದಲ್ಲಿ ಹಾಗಾಗಲಿಲ್ಲ: ಹಿಂದೂ ಮಕ್ಕಳು ಹಿಂದೂಗಳ ಕಡೆ, ಸಂಖ್ಯೆಯಲ್ಲೂ ಸ್ಥಾನದಲ್ಲೂ ಕಡಿಮೆಯಾದ ಮುಸ್ಲಿಂ ಮಕ್ಕಳು ಮುಸ್ಲಿಮರ ಕಡೆ. ಸಮಾಜ ಹಚ್ಚುವ ಕೀಳರಿಮೆಯಿಂದ ಧರ್ಮ ಮಗುವನ್ನು ಕಾಪಾಡುತ್ತಿರಬಹುದು ಎಂದು ಅವರು ಊಹಿಸಿದರು. ನಮ್ಮವರು ಎಂಬ ಭಾವವನ್ನು ಸಂದೇಹದಿಂದ ಮಾತ್ರ ನೋಡುವ ನನ್ನಂಥವರು ಇಲ್ಲಿ ತುಸು ನಿಲ್ಲಬೇಕಾಗುತ್ತದೆ. ಮೈದಾನದಲ್ಲಿ ಚುಚ್ಚುಮಾತು ಕೇಳಿಸಿಕೊಂಡ ಆ ಹುಡುಗನಿಗೆ ಸಂಜೆ ಮದರಸಾದಲ್ಲಿ ಕುಳಿತುಕೊಳ್ಳಲು ಒಂದು ಚಾಪೆ ಇತ್ತು. ದಲಿತ ಕೇರಿಯಿಂದ ಬರುವ ನನ್ನ ಎಷ್ಟೋ ಮಕ್ಕಳಿಗೆ, ಅವರೂ ಹಿಂದೂ ಎಂದೇ ರಿಜಿಸ್ಟರಿನಲ್ಲಿ ಬರೆದಿದ್ದರೂ, ಊರ ಗುಡಿಯ ಒಳಗೆ ಅಂಥ ಜಾಗ ಇದೆಯೆಂದು ಹೇಳುವ ಧೈರ್ಯ ನನಗಿಲ್ಲ.

ನಮ್ಮವರು ಎಂಬ ಭಾವದ ಜೊತೆಗೆ ಇನ್ನೊಬ್ಬರ ಕಟ್ಟಳೆಗೆ ಮರ್ಯಾದೆಯೂ ಇರಬಲ್ಲದು ಎಂಬುದನ್ನು ಮಕ್ಕಳು ಆಣೆ ಪ್ರಮಾಣಗಳಲ್ಲಿ ತೋರಿಸುತ್ತಾರೆ. ಪೆನ್ಸಿಲ್ ಕದ್ದವನು ತಾನಲ್ಲ ಎಂದು ಮುಸ್ಲಿಂ ಹುಡುಗನೊಬ್ಬ ಬಸವಣ್ಣನ ಮೇಲೆ ಆಣೆ ಮಾಡಲು ಹೊರಟಾಗ, ಪೆನ್ಸಿಲ್ ಕಳಕೊಂಡವನು ಒಪ್ಪಲಿಲ್ಲ. “ಬಸವಣ್ಣನ ಆಣಿ ಅವಂಗ ತಟ್ಟೂದಿಲ್ರಿ, ಅಲ್ಲಾನ ಆಣಿ ಮಾಡಂತ ಹೇಳ್ರಿ.” ಆ ವಾದದ ಒಳಗೆ ಒಂದು ಪೂರ್ತಿ ನ್ಯಾಯಶಾಸ್ತ್ರವಿದೆ: ಅವನ ದೇವರು ಅವನನ್ನು ಕಟ್ಟುತ್ತಾನೆ, ನನ್ನ ದೇವರು ನನ್ನನ್ನು, ಕದಿಯಬಾರದು ಎಂಬುದು ಮಾತ್ರ ಇಬ್ಬರಿಗೂ. ಮಹೇಶ್ ಶ್ರೀನಿವಾಸನ್ ಮತ್ತು ಸಂಗಡಿಗರು ಗುಜರಾತಿನ ಒಂಬತ್ತರಿಂದ ಹದಿನೈದು ವರ್ಷದ ಹಿಂದೂ, ಮುಸ್ಲಿಂ ಮಕ್ಕಳಲ್ಲಿ ಇದನ್ನೇ ಕಂಡು 2019ರಲ್ಲಿ ಬರೆದರು. ಹಿಂದೂ ಕಟ್ಟಳೆ ಹಿಂದೂಗಳಿಗೆ, ಮುಸ್ಲಿಂ ಕಟ್ಟಳೆ ಮುಸ್ಲಿಮರಿಗೆ, ಇನ್ನೊಬ್ಬರಿಗೆ ನೋವು ಮಾಡಬಾರದೆಂಬುದು ಎಲ್ಲರಿಗೂ ಎಂದು ಎರಡೂ ಕಡೆಯ ಮಕ್ಕಳು ಹೇಳಿದ್ದರು. ಕೋಮುಗಲಭೆಯ ಇತಿಹಾಸವಿರುವ ರಾಜ್ಯದ ಮಕ್ಕಳು ಅವರು.

ಹಾಗಾದರೆ ಎಲ್ಲರನ್ನೂ ಒಂದೇ ಶಾಲೆಯಲ್ಲಿ ಕೂರಿಸಿದರೆ ಭೇದ ಮರೆಯುತ್ತಾರೆಯೇ? ಮರೆಯುವುದಿಲ್ಲ, ಮರೆಯಬೇಕಾಗಿಯೂ ಇಲ್ಲ. ಇಸ್ರೇಲಿನ ಯೆಹೂದಿ ಮತ್ತು ಅರಬ್ ಮಕ್ಕಳ ಬಗ್ಗೆ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆ ಬೇರೆ ಶಾಲೆಗಳಲ್ಲಿ ಓದುವವರನ್ನೂ ಕೂಡಿ ಓದುವವರನ್ನೂ ಹೋಲಿಸಿತು. ಕೂಡಿ ಓದುವ ಮಕ್ಕಳು ಯಾರು ಯಾವ ಕಡೆಯವರೆಂಬುದನ್ನು ಹೆಚ್ಚಾಗಿಯೇ ಗಮನಿಸುತ್ತಿದ್ದರು. ಆದರೆ ದೊಡ್ಡವರಾಗುತ್ತ ಹೋದಂತೆ, ಆ ವ್ಯತ್ಯಾಸ ಹುಟ್ಟಿನಿಂದ ಒಳಗೇ ಬಂದದ್ದು, ಬದಲಾಗದ್ದು ಎಂಬ ನಂಬಿಕೆ ಅವರಲ್ಲಿ ಕಡಿಮೆಯಿತ್ತು. ನಮ್ಮ ತಾಲ್ಲೂಕಿನ ಪೇಟೆಯಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಒಂದೇ ಕಂಪೌಂಡಿನಲ್ಲಿದ್ದೂ ಮಕ್ಕಳು ಬೇರೆ ಬೇರೆ. ಅನುಕೂಲವಿದ್ದವರ ಮಕ್ಕಳು ಹಳದಿ ಬಸ್ಸು ಹತ್ತಿ ತಂತಮ್ಮ ಸಂಸ್ಥೆಗಳ ಶಾಲೆಗೆ ಹೋಗುತ್ತಾರೆ. ತಾಯಿನುಡಿಯಲ್ಲಿ ಕಲಿಯುವ ಹಕ್ಕನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಪಿಂಜಾರರ ಹುಡುಗಿ, ಶರೀಫರ ಜನಿವಾರ, ಪೆನ್ಸಿಲಿನ ಆಣೆ ಇವೆಲ್ಲ ನಡೆದದ್ದು ನನ್ನ ಕೋಣೆಯಲ್ಲಿ ಎಲ್ಲರೂ ಇದ್ದುದರಿಂದ. ಅಂಥ ಕೋಣೆಗಳು ಈಗ ಹೆಚ್ಚಾಗಿ ಬಡವರ ಪಾಲಿಗೆ ಮಾತ್ರ ಉಳಿದಿವೆ.

ಎಲ್ಕಿಂಡರ ಮೂರನೆಯ ಹಂತದ ಬಗ್ಗೆ ನಾನು ಹೇಳಬಲ್ಲದ್ದು ಕಡಿಮೆ, ಏಕೆಂದರೆ ಆ ವಯಸ್ಸಿನ ಮಕ್ಕಳು ನಮ್ಮ ಕೈಬಿಟ್ಟು ಹೋಗುವ ಹೊತ್ತು ಅದು. ನಂಬಿಕೆ ಎಂಬುದು ಒಳಗಿನದು ಎಂದು ಹೊಳೆಯುವ ಹನ್ನೆರಡರ ಸುಮಾರಿಗೇ ಮನೆಗಳಲ್ಲಿ, ಮುಖ್ಯವಾಗಿ ಹುಡುಗಿಯರ ಮೇಲೆ, ಹೊರಗಿನ ಗುರುತುಗಳ ಕಟ್ಟು ಬಿಗಿಯಾಗುತ್ತದೆ. ಏಳನೇ ತರಗತಿಯ ಹುಡುಗಿಯೊಬ್ಬಳು, ಮನೆ ಯಾವುದೆಂದು ಇಲ್ಲಿ ಹೇಳುವುದಿಲ್ಲ, ಒಮ್ಮೆ ಕೇಳಿದಳು: “ನಂಬಿಕಿ ಇಲ್ಲಂದ್ರೂ ನಾ ಆ ಧರ್ಮದಾಕಿನ ಏನ್ರಿ ಅಕ್ಕೋರ?” ಸಂವಿಧಾನದ 25ನೇ ವಿಧಿಯನ್ನು, ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಂಬುದನ್ನು ಅವಳಿಗೆ ತಿಳಿಯುವಂತೆ ಹೇಳಿದೆ, ನಂಬುವುದೂ ನಂಬದಿರುವುದೂ ನಿನಗೇ ಬಿಟ್ಟದ್ದು ಎಂದೆ. ಹಾಗಾದರೆ ರಿಜಿಸ್ಟರಿನಲ್ಲಿ ಅದನ್ನು ಏಕೆ ಬರೆದಿದ್ದೀರಿ ಎಂದಳು. ಅಲ್ಲಿ ಬರೆದಿರುವುದು ನೀನು ಹುಟ್ಟಿದ ಮನೆ, ವಿದ್ಯಾರ್ಥಿವೇತನಕ್ಕೆ ಅದು ಬೇಕು, ನಿನ್ನ ನಂಬಿಕೆಯನ್ನು ಅಲ್ಲಿ ಯಾರೂ ಬರೆದಿಲ್ಲ ಎಂದೆ. ಅವಳು ಅರ್ಧ ಒಪ್ಪಿದಳು. ಎಂಟನೆಯ ತರಗತಿಗೆ ಹೋಬಳಿಯ ಹೈಸ್ಕೂಲಿಗೆ ಸೇರುವಾಗ ಅಲ್ಲಿನ ಅರ್ಜಿಯಲ್ಲೂ ಆ ಕಾಲಂ ಇತ್ತು. ಅದನ್ನು ಅವಳ ತಂದೆ ತುಂಬಿದರು.